ಮೆಮೊರಿ ಟೈಮಿಂಗೂ ಲಿಂಬೆಹಣ್ಣೂ

ಗೆಳೆಯರೇ, ಇವತ್ತು ಖಂಡೇನವಮಿ, ಆಯುಧಪೂಜೆ. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಟ ತಡವರಿಸುತ್ತಿತ್ತು. ಚುರುಕಾಗಲಿ ಎಂದು ಬೆಳಿಗ್ಗೆ ಮೆಮೊರಿ ಎಷ್ಟು ಕಾಯಬೇಕೆಂದು ಹೇಳುವ ಟೈಮಿಂಗ್ ಸಂಖ್ಯೆಗಳನ್ನೆಲ್ಲ ಇಳಿಸಿದೆ. ಪರದೆ ಪೂರ್ತಿ ಕಪ್ಪಾಯಿತು. ಹಳೆಯ ಸೆಟ್ಟಿಂಗ್ ಮರಳಲೆಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನ ಬ್ಯಾಟರಿ ತೆಗೆದೆ.

ಆರತಿ ತಟ್ಟೆ ಹಿಡಿದು ಬಂದ ಅವ್ವ ಹೌಹಾರಿದಳು. "ಇವತ್ತ ಕುಡಗೋಲಿಗೂ ಸೂಟಿ ಅದ. ನೀ ಇದರ ಹೊಟ್ಟಿ ಸೀಳಿ ಕುಂತೀಯಲ್ಲೋ."

ಕುಂಕುಮ ಹಚ್ಚಿ, ಡಬ್ಬಿಯ ಮುಂದೆ ಲಿಂಬೆಹಣ್ಣು ಇಟ್ಟಳು. ನಾನು ಬ್ಯಾಟರಿ ಹಾಕಿ, ಈ ಸಲ ಒಂದೇ ಒಂದು ಸಂಖ್ಯೆ ಇಳಿಸಿದೆ. ಕಾರು ಮುಂಬೈ ಎಕ್ಸ್‌ಪ್ರೆಸ್‌ವೇ ಹಿಡಿದಂತೆ ಓಡಿತು.

"ನೋಡಿದಿ? ಲಿಂಬಿಹಣ್ಣ ಇಟ್ಟ ಮ್ಯಾಲೆ ಗಾಡಿ ಹೆಂಗ ಓಡ್ತದ," ಎಂದಳು ಅವ್ವ. ಈಗ ಪಕ್ಕದ ಮನೆಯ ಮರಾಠಿ ಕಾಕೂಗೂ ಅದನ್ನೇ ಹೇಳುತ್ತಿದ್ದಾಳೆ.

ನಾನಂತೂ ಲಿಂಬೆಹಣ್ಣು ತೆಗೆದು ನೋಡುವ ಧೈರ್ಯ ಮಾಡಿಲ್ಲ.