ಅಡ್ಡಕಂಬಿಯ ಮೇಲಿನ ಸಂಬಳ

ಕಾಲು ಜಾರಬಹುದು. ಚೆಂಡು ಕಂಬಕ್ಕೆ ಬಡಿಯಬಹುದು. ತೊಡೆ ಹಿಡಿದುಕೊಳ್ಳಬಹುದು. ಬಿಗಿ ಪ್ಯಾಂಟು ಹಿಂದಿನಿಂದ ಹರಿಯಬಹುದು. ತೋಳೇ ನನ್ನ ಸೊಂಟದಷ್ಟಿರುವ ಎದುರು ತಂಡದ ಆಳು ನನ್ನ ಮೇಲೆ ಬಿದ್ದು, ಏಳುವುದನ್ನು ಮರೆಯಬಹುದು. ನಲವತ್ತಮೂರರ ವಯಸ್ಸಿನಲ್ಲಿ, ಅಮೆರಿಕದ ಸಣ್ಣ ಊರೊಂದರ ಸಣ್ಣ ತಂಡಕ್ಕಾಗಿ ಕೊನೆಯ ಒದೆತ ಒದೆಯಲು ನಿಂತಾಗ ನನ್ನ ತಲೆಯಲ್ಲಿದ್ದದ್ದು ಇಷ್ಟು.

ನಾನು ಇಲ್ಲಿಗೆ ಬಂದದ್ದು ಹೆಂಡತಿಯ ಹಿಂದೆ. ಸುಮತಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಕೊಪ್ಪದಲ್ಲಿ ಡ್ರಿಲ್ ಮಾಸ್ತರನಾಗಿದ್ದ ನನಗೆ ಸಿಕ್ಕಿದ್ದು ಮೈದಾನಕ್ಕೆ ಬಿಳಿ ಗೆರೆ ಎಳೆಯುವ ಕೆಲಸ. ಇವರ ಫುಟ್‌ಬಾಲ್ ನಮ್ಮದಲ್ಲ. ಚೆಂಡು ಸುಲಿಯದ ತೆಂಗಿನಕಾಯಿಯ ಹಾಗಿದೆ, ಆಟ ಬಹುಪಾಲು ಕೈಯಲ್ಲೇ. ಒದೆಯಲೆಂದೇ ಒಬ್ಬನಿರುತ್ತಾನೆ, ಅವನೇ ಕಿಕ್ಕರ್. ಎರಡು ಕಂಬಗಳ ನಡುವೆ, ಅಡ್ಡಕಂಬಿಯ ಮೇಲಿಂದ ಹಾರಿಸಿದರೆ ಮೂರು ಅಂಕ. ಕೊಪ್ಪದಲ್ಲಿ ನಾನು ಆಡಿದಷ್ಟು ಕಾಲವೂ ಬೈಸಿಕೊಂಡದ್ದು ಇದಕ್ಕೇ! ಅಲ್ಲಿ ಮೇಲೆ ಹಾರಿಸಿದವನೇ ಚರಂಡಿಗಿಳಿದು ಚೆಂಡು ತರಬೇಕಿತ್ತು.

ಒಂದು ದಿನ ಉರುಳಿಬಂದ ಚೆಂಡನ್ನು ಒದ್ದು ಕಳಿಸಿದೆ. ಅದು ಕಂಬಗಳ ನಡುವೆ ಹೋಯಿತು. ಕೋಚ್ ಇನ್ನೂ ನಾಲ್ಕು ಒದೆಸಿದರು. ಅವರ ಕಿಕ್ಕರ್‌ನ ಮಂಡಿ ಕೆಟ್ಟಿತ್ತು. ಎರಡು ಪಂದ್ಯಗಳಿಗೆ ನನ್ನನ್ನು ಗೊತ್ತುಮಾಡಿದರು.

“ಮೇಲೆ ಹಾರ್ಸಿದ್ರೆ ಸಂಬಳ ಕೊಡ್ತಾರಾ ಮಾರಾಯ? ಆ ದೇಶ ನಿಂಗೇ ಅಂತ ಮಾಡಿದ್ದು ಬಿಡು” ಎಂದ ಕೊಪ್ಪದಿಂದ ಫೋನಿನಲ್ಲಿ ಗೆಳೆಯ ರಾಘವ.

“ನಾಕು ಮೆಟ್ಲು ಹತ್ತಿದ್ರೆ ಏದುಸಿರು ಬರ್ತದೆ, ಎಂತಕ್ಕೆ ಬೇಕಿತ್ತು ನಿಮ್ಗೆ?” ಎಂದಳು ಸುಮತಿ.

ಬೇಕಿತ್ತು. ಗೆರೆ ಎಳೆಯುವವನನ್ನು ಎರಡು ವರ್ಷ ಯಾರೂ ಮಾತಾಡಿಸಿರಲಿಲ್ಲ. ಕಿಕ್ಕರ್ ಆದೊಡನೆ ಕ್ಷೌರದಂಗಡಿಯವನೂ ಹೆಸರು ಹಿಡಿದು ಕರೆದ. ಮೊದಲ ಪಂದ್ಯದಲ್ಲಿ ಎರಡು ಒದ್ದೆ, ಎರಡೂ ಹೊರಗೆ. ಮರುದಿನ ಹಾಲಿನಂಗಡಿಯಾಕೆ ಚಿಲ್ಲರೆ ಕೊಟ್ಟು ಮುಖ ತಿರುಗಿಸಿದಳು. ಊರು ಮತ್ತೆ ಮೌನವಾಯಿತು.

ಎರಡನೆಯ ಪಂದ್ಯ, ಕೊನೆಯ ಗಳಿಗೆ, ನಾವು ಎರಡು ಅಂಕ ಹಿಂದೆ. ಮಂಡಿಯೂರಿ ನನಗಾಗಿ ಚೆಂಡನ್ನು ಬೆರಳಿನಿಂದ ನಿಲ್ಲಿಸಿ ಹಿಡಿಯುವ ಡ್ಯಾನಿ ಕೈ ಚಾಚಿದ. ಓಡಿದೆ, ಒದ್ದೆ. ಜಾರಲಿಲ್ಲ, ಹರಿಯಲಿಲ್ಲ, ಯಾರೂ ಮೇಲೆ ಬೀಳಲಿಲ್ಲ. ಆದರೆ ಬೀಸಿದ ಕಾಲು ಡ್ಯಾನಿಯ ತೋಳಿಗೆ ತಾಗಿಬಿಟ್ಟಿತು. ತಟ್ಟನೆ ಬಗ್ಗಿ ಅವನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸಮಾಧಾನವಾಗದೆ ಇನ್ನೊಮ್ಮೆ.

“ಕಣ್ಣಿಗೇನಾಯಿತು ನಿನಗೆ?” ಎಂದು ಡ್ಯಾನಿ ಗಾಬರಿಯಾದ. ಅಷ್ಟರಲ್ಲಿ ಜನ ಮೈದಾನಕ್ಕೆ ನುಗ್ಗಿ ನನ್ನನ್ನು ಎತ್ತಿಕೊಂಡಿದ್ದರು.

ಹಳೆಯ ಕಿಕ್ಕರ್ ಗುಣವಾಗಿ ಬಂದ. ನಾನು ಮತ್ತೆ ಗೆರೆ ಎಳೆಯುತ್ತಿದ್ದೇನೆ, ದಾರಿಯಲ್ಲಿ ಹೋಗುವವರೆಲ್ಲ ಕೂಗಿ ಮಾತಾಡಿಸುತ್ತಾರೆ. ಚೆಂಡು ಹೇಗೆ ಬಾಗಿ ಒಳಗೆ ಹೋಯಿತೆಂದು ಹಾಲಿನಂಗಡಿಯಾಕೆ ಇಂದಿಗೂ ಕೈಬೀಸಿ ತೋರಿಸುತ್ತಾಳೆ. ನಾನು ಹೌದು ಹೌದು ಎನ್ನುತ್ತೇನೆ. ಇಡೀ ಊರಿನಲ್ಲಿ ಅದನ್ನು ಕಣ್ಣಾರೆ ನೋಡದವನು ನಾನೊಬ್ಬನೇ.