ದಡಿಯ ಕಪ್ಪು ಎಳೆ

ನಾನು ಬಿ.ಎ. ಪಾಸಾದದ್ದು ನನ್ನ ಬುದ್ಧಿಯಿಂದ ಎಂದು ಜನ ತಿಳಿದಿದ್ದಾರೆ. ಬುದ್ಧಿ ಇತ್ತು, ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ. ಆದರೆ ನನ್ನನ್ನು ಶಾಲೆಗೆ ಕಳಿಸಿದ್ದು ನಮ್ಮ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಸಂಶಯ.

ಮುದ್ದೇಬಿಹಾಳ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಎರಡು ಕುಣಿಮಗ್ಗಗಳಿದ್ದವು. ಅಪ್ಪ ತೀರಿಕೊಂಡ ಮೇಲೆ ಒಂದರಲ್ಲಿ ಮುತ್ಯಾ, ಇನ್ನೊಂದರಲ್ಲಿ ಕಾಕಾ ಕೂಡುತ್ತಿದ್ದರು. ನಮ್ಮ ಸೀರೆ ಮಾರಿ ಹೋಗುತ್ತಿದ್ದದ್ದೇ ದಡಿಯ, ಅಂದರೆ ಅಂಚಿನ, ಮೇಲೆ. ಕೆಂಪು ದಡಿ, ಅದರಲ್ಲಿ ಹಳದಿ ಜೋಳದ ತೆನೆ, ತೆನೆಗೊಂದು ಕಣ್ಣು. ಆ ದಡಿಗೆ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂಬುದು ಮನೆಯ ಗುಟ್ಟು. ಸೊಸೆಯಂದಿರಿಗೆ ಕಲಿಸುತ್ತಿದ್ದರು, ಹೆಣ್ಣುಮಕ್ಕಳಿಗೆ ಇಲ್ಲ. ದೇವಣಗಾಂವದ ಕಡೆಯಿಂದ ಬಂದ ಅವ್ವ ವರ್ಷ ತುಂಬುವುದರೊಳಗೆ ಕಲಿತಿದ್ದಳು. ಅದೇ ಮನೆಯಲ್ಲಿ ಹುಟ್ಟಿದ ನಾನು ಲಾಳಿಯ ಕಂಡಿಕೆಗೆ ನೂಲು ಸುತ್ತಬಹುದು, ಮಗ್ಗಕ್ಕೆ ದಡಿ ಕಟ್ಟುವಾಗ ಮಾತ್ರ ಅಂಗಳಕ್ಕೆ ಹೋಗಬೇಕು. ಹೆಣ್ಣು ಇನ್ನೊಬ್ಬರ ಮನೆಯ ದೀಪ, ನಮ್ಮ ಎಣ್ಣೆ ಒಯ್ದು ಅಲ್ಲಿ ಉರಿಯುತ್ತದೆ ಎನ್ನುತ್ತಿದ್ದ ಮುತ್ಯಾ.

ಆದರೆ ಕಿವಿಯನ್ನು ಯಾರೂ ಅಂಗಳಕ್ಕೆ ಕಳಿಸಲಾರರು. ಮುತ್ಯಾ ನೇಯುವಾಗ ಲೆಕ್ಕವನ್ನು ತುಟಿಯಲ್ಲೇ ಗುಣುಗುತ್ತಿದ್ದ. ಒಂದು ಸಲ ಕಾಕಾ ನಡುವೆ ಲೆಕ್ಕ ತಪ್ಪಿದ. ಕಂಡಿಕೆ ಸುತ್ತುತ್ತಿದ್ದ ನಾನು ಮುಂದಿನದನ್ನು ಅಂದುಬಿಟ್ಟೆ. ಮುತ್ಯಾನ ಕಾಲು ನಿಂತಿತು, ಲಾಳಿ ನಿಂತಿತು. ಮರುದಿನ ಬೆಳಿಗ್ಗೆ ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋದ. ಮೊಮ್ಮಗಳಿಗೆ ವಿದ್ಯೆ ಕೊಡಿಸುತ್ತಾನೆಂದು ಊರವರು ಹೊಗಳಿದರು. ಹಗಲೆಲ್ಲ ಹುಡುಗಿ ಮಗ್ಗದಿಂದ ದೂರ ಇರಲಿ ಎಂಬುದಷ್ಟೇ ಅವನ ಲೆಕ್ಕ. ಅದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಾಗೆ ದೂರ ಇಡುತ್ತ ಇಡುತ್ತ ನನ್ನನ್ನು ಬಿಜಾಪುರದ ಕಾಲೇಜಿನವರೆಗೆ ಕಳಿಸಿದ. ಸಂಬಂಧಿಕರ ಮನೆಯಲ್ಲಿ ಕಸ ಬಳಿದು, ನೀರು ಹೊತ್ತು ಓದುತ್ತಿದ್ದೆ. ಮೊದಲ ದೀಪಾವಳಿಗೆ ಊರಿಗೆ ಬಂದಾಗ ಕಾಕಾ ತಾಳಿಕೋಟೆಯ ಪೇಟೆಯಿಂದ ಒಂದು ಸೀರೆ ಹಿಡಿದುಕೊಂಡು ಬಂದ. ಕರೆಂಟಿನ ಮಗ್ಗದ್ದು, ನಮ್ಮದಕ್ಕಿಂತ ಅಗ್ಗ. ದಡಿ ಮಾತ್ರ ನಮ್ಮದು. ತೆನೆ, ಕಣ್ಣು, ಎಲ್ಲ.

ಅದನ್ನು ಮಾರುತ್ತಿದ್ದ ಅರಿವೆ ಅಂಗಡಿಯವರ ಮಗಳು ನನ್ನ ಜೊತೆ ಓದುತ್ತಿದ್ದಳು. ದಸರೆಯ ರಜೆಯಲ್ಲಿ ಒಮ್ಮೆ ನಮ್ಮ ಮನೆಗೂ ಬಂದು, ಮಗ್ಗದ ಪಕ್ಕ ಕೂತು ಚಹಾ ಕುಡಿದು ಹೋಗಿದ್ದಳು. ಸಂಶಯಕ್ಕೆ ಇನ್ನೇನು ಬೇಕು? ಮುತ್ಯಾ ನನ್ನನ್ನು ಬೈಯಲಿಲ್ಲ. ಬಸ್ಸಿಗೆಂದು ಸಿದ್ಧವಾಗಿದ್ದ ನನ್ನ ಟ್ರಂಕನ್ನು ಅಟ್ಟಕ್ಕೆ ಏರಿಸಿದ. ಬಸವನ ಬಾಗೇವಾಡಿ ಕಡೆಯ ಒಂದು ವರದ ಮಾತೆತ್ತಿದ. ಅವರೂ ನಮ್ಮವರೇ, ಆದರೆ ಮಗ್ಗ ಕಿತ್ತು ಕಿರಾಣಿ ಅಂಗಡಿ ಇಟ್ಟವರು. ಅಲ್ಲಿಗೆ ಹೋದರೆ ಉಳಿದ ಗುಟ್ಟಾದರೂ ಬೆಲ್ಲದ ಡಬ್ಬಿಯಲ್ಲಿ ಸಾಯುತ್ತದೆ ಎಂದು ಅವನ ಧೈರ್ಯ.

ಒಲೆಯ ಮುಂದೆ ಅವ್ವ ನನ್ನ ಮುಖ ನೋಡದೆ ಕೇಳಿದಳು, "ಖರೇ ಹೇಳವ್ವಾ, ಆ ಹುಡುಗಿ ಮುಂದ ಏನರ ಅಂದೀಯೇನು?"

ಮುತ್ಯಾನ ಸಂಶಯ ನನಗೆ ರೂಢಿಯಾಗಿತ್ತು. ಅವ್ವನದು ಚುಚ್ಚಿತು. ಅದಕ್ಕಿಂತ ಕೆಟ್ಟದ್ದೆಂದರೆ ನಾನೂ ಸಂಶಯ ಪಡತೊಡಗಿದೆ. ಗೆಳತಿ ನನ್ನ ಸೀರೆಯ ದಡಿಯ ಮೇಲೆ ಬೆರಳಾಡಿಸಿದ್ದು ನೆನಪಾಯಿತು. ಕಾಕಾ ಈಚೆಗೆ ಪೇಟೆಗೆ ಹೋದರೆ ಕತ್ತಲಾದ ಮೇಲೆ ಬರುವುದು ನೆನಪಾಯಿತು. ಮನೆಯಲ್ಲಿ ಒಬ್ಬರ ತಟ್ಟೆಯನ್ನು ಒಬ್ಬರು ಓರೆಗಣ್ಣಿನಿಂದ ನೋಡಿಕೊಂಡು ಉಣ್ಣುತ್ತಿದ್ದೆವು.

ಕಾಲೇಜು ಶುರುವಾಗುವ ದಿನ ಹತ್ತಿರ ಬಂತು. ತಡೆಯಲಾರದೆ ಆ ಸೀರೆಯನ್ನು ಅಂಗಳದ ಬಿಸಿಲಿಗೆ ಒಯ್ದು ಬಿಚ್ಚಿದೆ. ಕೂಸಿನ ಗಲ್ಲಕ್ಕೆ ದೃಷ್ಟಿಬೊಟ್ಟು ಇಟ್ಟಂತೆ ಮುತ್ಯಾ ಪ್ರತಿ ಸೀರೆ ಮುಗಿಸುವಾಗ ಸೆರಗಿನ ತುದಿಯ ದಡಿಯಲ್ಲಿ ಉಗುರಿನಷ್ಟು ಉದ್ದದ ಒಂದು ಕಪ್ಪು ಎಳೆ ಸೇರಿಸುತ್ತಿದ್ದ. ಸೀರೆಗೆ ಒಂದೇ ಒಂದು. ಪೇಟೆಯ ಸೀರೆಯಲ್ಲಿ ಆ ಕಪ್ಪು ಎಳೆ ಗೇಣಿಗೊಂದರಂತೆ ಈ ತುದಿಯಿಂದ ಆ ತುದಿಯವರೆಗೂ ಇತ್ತು.

ಸೀರೆ ಎತ್ತಿಕೊಂಡು ಮಗ್ಗದ ಮುಂದೆ ನಿಂತೆ.

"ಮುತ್ಯಾ, ನಾ ಹೇಳಿಕೊಟ್ಟಿದ್ರ ಈ ಕಪ್ಪು ಎಳಿ ಯಾಕ ಹೇಳ್ತಿದ್ದೆ? ಅದು ದಡಿ ಅಲ್ಲ, ದೃಷ್ಟಿ ಅಂತ ಮನಿಯವರಿಗೆ ಗೊತ್ತೈತಿ. ನೀ ಮಾರಿದ ಸೀರಿನ ಯಾರೋ ಕೊಂಡಾರ, ಸೆರಗಿನ ತುದಿ ಎಳಿ ಎಳಿ ಬಿಚ್ಚ್ಯಾರ. ತುದಿಯಾಗ ಕಂಡದ್ದನ್ನ ಸೀರಿ ತುಂಬ ನೇದಾರ."

ಮುತ್ಯಾ ಕುಣಿಯಿಂದ ಕಾಲು ತೆಗೆಯದೆ ದಡಿಯ ಮೇಲೆ ಹೆಬ್ಬೆರಳು ಎಳೆಯುತ್ತ ಹೋದ. ಒಂದು ಕಪ್ಪು, ಇನ್ನೊಂದು ಕಪ್ಪು, ಮತ್ತೊಂದು.

"ಕೂಸಿಗಿ ಗಲ್ಲಕ್ಕೊಂದು ಬೊಟ್ಟು ಇಡ್ತಾರ," ಅಂದ. "ಈ ಕಳ್ಳ ಮಕ್ಕಳು ಮಾರಿ ತುಂಬ ಬಳದಾರ."

ತಪ್ಪಾಯಿತು ಎಂದು ಅವನು ಅನ್ನಲಿಲ್ಲ. ಟ್ರಂಕು ಅಟ್ಟದಿಂದ ಇಳಿಯಿತು. ಬಾಗೇವಾಡಿಯ ಮಾತು ಮತ್ತೆ ಏಳಲಿಲ್ಲ.

ಅವನ ಸಂಶಯವೇನೂ ಕಡಿಮೆಯಾಗಲಿಲ್ಲ, ನನ್ನಿಂದ ಎದ್ದು ಗಿರಾಕಿಗಳ ಮೇಲೆ ಕೂತಿತು ಅಷ್ಟೇ. ಸೆರಗನ್ನು ಒಳಗೆ ಮಡಚಿ ತೋರಿಸುತ್ತಿದ್ದ. ಯಾರಾದರೂ ದಡಿಯನ್ನು ಹೆಚ್ಚು ಹೊತ್ತು ನೋಡಿದರೆ ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದ. ಹಗಲೂ ರಾತ್ರಿ ಹೆಣ್ಣುಮಕ್ಕಳನ್ನು ಕಾಯುತ್ತ, ಸಂತೆಸಂತೆಯಲ್ಲಿ ನಾವೇ ಗುಟ್ಟನ್ನು ಮಡಚಿ ಕೈಗೆ ಕೊಡುತ್ತಿದ್ದೆವು ಎಂಬುದು ಅವನಿಗೆ ಅರಗಲೇ ಇಲ್ಲ. ಒಂದೆರಡು ವರ್ಷದಲ್ಲಿ ಸಿಂದಗಿಯ ಸಂತೆಯಿಂದ ಕಾಕಾ ಸೀರೆಗಳನ್ನು ಹೊತ್ತು ವಾಪಸು ಬಂದ. ಇದರಲ್ಲಿ ಗೇಣಿಗೊಂದು ಕಪ್ಪು ಎಳೆ ಎಲ್ಲಿದೆ, ಇದು ನಕಲಿ ಮಾಲು ಎಂದು ಹೆಂಗಸರು ಮುಟ್ಟಲಿಲ್ಲವಂತೆ. ಆಮೇಲೆ ಕಾಕಾನೂ ಗೇಣಿಗೊಂದು ಕಪ್ಪು ಎಳೆ ಹಾಕತೊಡಗಿದ. ಮುತ್ಯಾ ಆ ಮಗ್ಗದ ಕಡೆ ತಲೆ ಎತ್ತಿ ನೋಡುವುದನ್ನು ಬಿಟ್ಟ.

ನಾನು ಬಿ.ಎ. ಪಾಸಾದ ಸುದ್ದಿ ಬಂದಾಗ ಅವನು ಒಂದು ಸೀರೆ ನೇದು ಕೊಟ್ಟ. ನಮ್ಮ ಮನೆತನದಲ್ಲಿ ಗಂಡಾಗಲಿ ಹೆಣ್ಣಾಗಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಸೆರಗು ಬಿಚ್ಚಿ ನೋಡಿದೆ. ಕಪ್ಪು ಎಳೆ ಒಂದೂ ಇರಲಿಲ್ಲ.

"ದೃಷ್ಟಿ ಎಳಿ ಮರತಿ ಏನು ಮುತ್ಯಾ?"

"ಮರತಿಲ್ಲ. ಇಂಥಾ ದಡಿ ಇದೊಂದನ ಐತಿ," ಎಂದ. "ನಾಳೆ ಕಪ್ಪಿಲ್ಲದ್ದು ಪ್ಯಾಟ್ಯಾಗ ಬಂತಂದ್ರ, ನಿನ್ನ ಕಡಿಂದನ ಹೋಗೇತಿ ಅಂತ ನನಗ ತಿಳೀತೈತಿ."

ಆ ಸೀರೆಯನ್ನು ನಾನು ಯಾರಿಗೂ ಉಡಲು ಕೊಟ್ಟಿಲ್ಲ. ಮಡಿವಾಳರಿಗೂ ಹಾಕಿಲ್ಲ. ನಾನೇ ಒಗೆದು ಒಳಮನೆಯ ಹಗ್ಗದ ಮೇಲೆ ಒಣಹಾಕುತ್ತೇನೆ, ಬಾಗಿಲು ಮುಂದಕ್ಕೆ ಎಳೆದುಕೊಂಡು.