ಅಬ್ಬಿಗೆರೆ ಹೊಲದ ತಳಿ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಗದಗಿನಲ್ಲಿ ನಮ್ಮಜ್ಜಿ ಹೇಳಿದಾಗಲೂ ನಕ್ಕಿದ್ದೇನೆ. ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳನ್ನು ಗುರುತಿಸಿ ವಿಂಗಡಿಸುವುದು ನನ್ನ ಕೆಲಸ. ಎಲ್ಲದಕ್ಕೂ ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದು ನಂಬಿದವಳು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಆಗ ಕಾಲೇಜಿಗೆ ಹತ್ತಿರದ ಅಬ್ಬಿಗೆರೆಯಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ರಾಗಿ ಬಿತ್ತುವ ಒಂದು ತುಂಡು ಹೊಲ ಉಳಿದಿತ್ತು. ಒಡತಿ ಗೌರಮ್ಮ, ಎಪ್ಪತ್ತು ದಾಟಿದವರು. ಮಕ್ಕಳು ಅಲ್ಲಿ ಕಟ್ಟಡ ಎಬ್ಬಿಸಲು ತುದಿಗಾಲಲ್ಲಿ ನಿಂತಿದ್ದರು.

"ಇಷ್ಟ್ ಮಣ್ಣಾಗೆ ಏನ್ ಉಡುಕ್ತೀಯವ್ವ?" ಎಂದು ನಾನು ಮಣ್ಣು ತುಂಬಿಕೊಳ್ಳುವಾಗ ಗೌರಮ್ಮ ಕೇಳಿದರು.

"ಕಣ್ಣಿಗೆ ಕಾಣದ ಹುಳ ಅಮ್ಮಾ. ಹೊಸದು ಸಿಕ್ಕರ ಹೆಸರು ಇಡ್ತೀನಿ."

"ಅವು ಇಂಗೇ ಇದ್ವು, ಯಾವತ್ತಿಂದ್ಲೂ. ಒಸದು ನೀನು" ಎಂದು ನಕ್ಕರು.

ಆ ಮಣ್ಣಿನಿಂದ ಲ್ಯಾಬಿನಲ್ಲಿ ಬೆಳೆಸಿದ ತಿಳಿಗೆಂಪು ಬಣ್ಣದ ಒಂದು ಬ್ಯಾಕ್ಟೀರಿಯಾ ತಳಿ ಈವರೆಗೆ ತಿಳಿದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಮೂರು ಸಲ ಪರೀಕ್ಷಿಸಿದೆ. ನನ್ನ ಗೈಡ್ ಸುಲಭಕ್ಕೆ ಹೊಗಳುವವರಲ್ಲ. ಅವರೇ "ಹೊಸ ಸ್ಪೀಶೀಸ್ ಕಣಮ್ಮ, ನಿನ್ ಥೀಸಿಸ್ ಮುಗೀತು ಅನ್ಕೋ" ಎಂದರು. ಆದರೆ ಹೊಸ ಪ್ರಭೇದವೆಂದು ಜಗತ್ತು ಒಪ್ಪಬೇಕಾದರೆ ಜೀವಂತ ತಳಿಯನ್ನು ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಇಡಬೇಕು. ಕಳಿಸಿದೆ. ಚೆನ್ನಾಗಿ ಬೆಳೆಯುತ್ತಿದೆ, ಪ್ರಮಾಣಪತ್ರ ಬರಲಿದೆ ಎಂದು ಎರಡೂ ಕಡೆಯಿಂದ ಉತ್ತರ ಬಂತು. ಆ ವರ್ಷವೇ ಅಪ್ಪ ತೀರಿಕೊಂಡಿದ್ದರು. ಅದಕ್ಕೆ ಅವರ ಹೆಸರಿಡುವುದೆಂದು ನಿರ್ಧರಿಸಿ, ಅವ್ವನಿಗೂ ಹೇಳಿಬಿಟ್ಟೆ.

ಒಂದು ಗುರುವಾರ ಬೆಳಿಗ್ಗೆ ಲ್ಯಾಬಿಗೆ ಹೋದರೆ ತಟ್ಟೆಗಳಲ್ಲಿದ್ದ ತಿಳಿಗೆಂಪು ಚುಕ್ಕೆಗಳು ಬೂದಿ ಬಣ್ಣಕ್ಕೆ ತಿರುಗಿ ಅಂಟಿಕೊಂಡಿದ್ದವು. ಹೊಸ ತಟ್ಟೆಗೆ ಹಾಕಿದೆ, ಬೆಳೆಯಲಿಲ್ಲ. ಫ್ರೀಜರಿನಲ್ಲಿ ಕಾದಿಟ್ಟ ಐದೂ ಸೀಸೆಗಳನ್ನು ತೆಗೆದೆ. ಒಂದರಲ್ಲೂ ಜೀವವಿರಲಿಲ್ಲ. ಅದೇ ಡಬ್ಬಿಯ ಬೇರೆ ತಳಿಗಳು ಮಾತ್ರ ಎಂದಿನಂತೆ ಬೆಳೆದವು.

"ಕರೆಂಟ್ ಹೋಗಿತ್ತಾ ನೋಡು" ಎಂದರು ಗೈಡ್. ಹೋಗಿರಲಿಲ್ಲ. ಎರಡೂ ಸಂಗ್ರಹಾಲಯಗಳಿಗೆ ಮೇಲ್ ಮಾಡಿದೆ. ನಿಮ್ಮ ತಳಿ ಇದೇ ವಾರ ಸತ್ತಿದೆ, ಕಾರಣ ತಿಳಿದಿಲ್ಲ ಎಂದು ಇಬ್ಬರೂ ಬರೆದರು. ಗೈಡ್ ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

ಮತ್ತೆ ಮಣ್ಣು ತರೋಣವೆಂದು ಅಬ್ಬಿಗೆರೆಗೆ ಹೋದೆ. ಹೊಲ ಇರಲಿಲ್ಲ. ಅದರ ಜಾಗದಲ್ಲಿ ಬಂಡೆ ಕಾಣುವಷ್ಟು ಆಳದ ಗುಂಡಿ. ಮಣ್ಣನ್ನೆಲ್ಲ ಲಾರಿಗಳು ಎಲ್ಲಿಗೋ ಸಾಗಿಸಿದ್ದವು. ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಗೌರಮ್ಮ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು:

"ನಿನ್ತಾವ ಇದ್ದವೂ ಸತ್ತೋದ್ವೇನವ್ವ?"

"ನಿಮಗ ಯಾರು ಹೇಳಿದ್ರು?"

"ಯಾರ್ ಏಳ್ತಾರೆ? ಬೇಸ್ತವಾರ ಬೆಳಗ್ಗೆ ಜೆಸಿಬಿ ಇಳೀತು. ಇನ್ನೆಲ್ಲಿ ಉಳೀತವೆ" ಎಂದು ಮುಖ ತಿರುಗಿಸಿದರು. ನನ್ನ ತಟ್ಟೆಗಳು ಬೂದಿ ಬಣ್ಣಕ್ಕೆ ತಿರುಗಿದ್ದೂ ಅದೇ ಗುರುವಾರ.

ರಸ್ತೆಯಂಚಿನಲ್ಲಿ ಚೆಲ್ಲಿದ್ದ ಮಣ್ಣನ್ನು ಬಳಿದು ತಂದೆ. ಎಲ್ಲೆಡೆ ಸಿಗುವ ಬ್ಯಾಕ್ಟೀರಿಯಾಗಳೇ ಬಂದವು. ಬೇರೆ ವಿಷಯದ ಮೇಲೆ ಥೀಸಿಸ್ ಬರೆದು ಮುಗಿಸಿದೆ. ಅಪ್ಪನ ಹೆಸರು ಏನಾಯಿತೆಂದು ಅವ್ವ ಒಮ್ಮೆ ಕೇಳಿದಳು, ಮತ್ತೆ ಕೇಳಲಿಲ್ಲ.

ನಾನೇನೂ ಸುಮ್ಮನೆ ಕೂರಲಿಲ್ಲ. ತಳಿಗೆ ಹಾಕಿದ ಆಹಾರದ ದೋಷ, ಅದರೊಳಗೇ ಅಡಗಿದ್ದ ವೈರಸ್, ಕಾಕತಾಳೀಯ, ಎಲ್ಲವನ್ನೂ ಯೋಚಿಸಿದ್ದೇನೆ. ಲ್ಯಾಬಿನ ತಟ್ಟೆಗಳಿಗೆ ಒಂದು ಕಾರಣ ಹೊಂದುತ್ತದೆ, ಸಮುದ್ರದಾಚೆಯ ಸೀಸೆಗೆ ಹೊಂದುವುದಿಲ್ಲ. ಆ ಮುದುಕಿಯ ಪ್ರಶ್ನೆಗಂತೂ ಯಾವುದೂ ಹೊಂದುವುದಿಲ್ಲ.

ಕಳೆದ ತಿಂಗಳು ಹೊರದೇಶದ ಸಂಗ್ರಹಾಲಯದಿಂದ ಮೇಲ್ ಬಂದಿದೆ. ನಿಮ್ಮ ತಳಿಯ ಕಡತ ಇನ್ನೂ ತೆರೆದೇ ಇದೆ, ಹೊಸದಾಗಿ ಕಳಿಸುತ್ತೀರಾ ಅಥವಾ ಮುಚ್ಚಿಬಿಡೋಣವೇ ಎಂದು ಕೇಳಿದ್ದಾರೆ. ಮುಚ್ಚಬೇಕಾದರೆ ಕಾರಣ ಬರೆಯಬೇಕಂತೆ. ನಾಲ್ಕೈದು ಸಲ ಬರೆಯಲು ಕೂತು ಎದ್ದಿದ್ದೇನೆ.